ಆಸ್ಪತ್ರೆಗಳಲ್ಲಿ ಸೋಂಕು ತಡೆ: ಪೂರೈಕೆದಾರರ ಹೊಣೆ ಮತ್ತು ಅವಕಾಶ

ಒಂದು ಕಾಯಿಲೆಯ ಚಿಕಿತ್ಸೆಗೆಂದು ಆಸ್ಪತ್ರೆಗೆ ದಾಖಲಾದ ರೋಗಿ ಅಲ್ಲಿಯೇ ಮತ್ತೊಂದು ಸೋಂಕಿಗೆ ತುತ್ತಾಗುವುದು ವೈದ್ಯಕೀಯ ಸೇವೆಯ ಬಹು ಹಳೆಯ ಹಾಗೂ ಇಂದಿಗೂ ಪೂರ್ಣವಾಗಿ ಬಗೆಹರಿಯದ ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ತೀವ್ರ ಚಿಕಿತ್ಸೆಗಾಗಿ ಆಸ್ಪತ್ರೆ ಸೇರುವ ಪ್ರತಿ 100 ರೋಗಿಗಳ ಪೈಕಿ ಶ್ರೀಮಂತ ರಾಷ್ಟ್ರಗಳಲ್ಲಿ 7 ಮಂದಿ, ಕಡಿಮೆ ಮತ್ತು ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ 15 ಮಂದಿ ಆಸ್ಪತ್ರೆಯಲ್ಲಿರುವಾಗ ಕನಿಷ್ಠ ಒಂದು ಸೋಂಕನ್ನಾದರೂ ಅಂಟಿಸಿಕೊಳ್ಳುತ್ತಾರೆ. ಹಾಗೆ ಸೋಂಕು ತಗಲಿದವರಲ್ಲಿ ಸರಾಸರಿ ಹತ್ತರಲ್ಲಿ ಒಬ್ಬರು ಅದರಿಂದಲೇ ಸಾವಿಗೀಡಾಗುತ್ತಾರೆ. ಕೈಗಳ ನೈರ್ಮಲ್ಯ ಹಾಗೂ ಹೆಚ್ಚು ವೆಚ್ಚವಿಲ್ಲದ ಇತರ ಕ್ರಮಗಳನ್ನು ಸರಿಯಾಗಿ ಅನುಸರಿಸಿದರೆ ಇಂತಹ ಸೋಂಕುಗಳಲ್ಲಿ ಶೇಕಡಾ 70ರಷ್ಟನ್ನು ತಡೆಯಲು ಸಾಧ್ಯ ಎಂದೂ ಅದೇ ವರದಿ ಹೇಳುತ್ತದೆ.

ಇದು ವೈದ್ಯರು ಮತ್ತು ದಾದಿಯರಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬುದು ಸಾಮಾನ್ಯ ಭಾವನೆ. ಆದರೆ ಈ 'ಹೆಚ್ಚು ವೆಚ್ಚವಿಲ್ಲದ ಕ್ರಮ'ಗಳ ಪಟ್ಟಿಯನ್ನು ಪರಿಶೀಲಿಸಿದಾಗ ಬೇರೊಂದು ಚಿತ್ರ ಕಾಣುತ್ತದೆ. ಕೈ ತಿಕ್ಕುವ ದ್ರಾವಣ, ಕೈಗವಸು, ಮುಖಗವಸು, ಹೊದಿಕೆ ಬಟ್ಟೆ, ಬ್ಲೀಚಿಂಗ್ ದ್ರಾವಣ, ಆಟೋಕ್ಲೇವ್, ಸೂಜಿ ಹಾಕುವ ಡಬ್ಬಿ, ತ್ಯಾಜ್ಯದ ಚೀಲ, ಬಟ್ಟೆ ಒಗೆಯುವ ಸೇವೆ, ಸ್ವಚ್ಛತಾ ಸಿಬ್ಬಂದಿ - ಇವೆಲ್ಲವೂ ಆಸ್ಪತ್ರೆಯ ಹೊರಗಿನಿಂದ ಬರುವಂಥವು. ಇವುಗಳಲ್ಲಿ ಬಹುಪಾಲನ್ನು ತಯಾರಿಸುವವರು ಸಣ್ಣ ಉದ್ದಿಮೆದಾರರು, ಒದಗಿಸುವವರು ವರ್ತಕರು. ಚೀಟಿಯ ಮೇಲೆ ಬರೆದಿರುವ ಗುಣ ಸರಕಿನೊಳಗೆ ಇಲ್ಲವಾದರೆ ವೈದ್ಯರ ಎಚ್ಚರಿಕೆಯೆಲ್ಲ ವ್ಯರ್ಥವಾಗುತ್ತದೆ. ಆದುದರಿಂದ ಸೋಂಕು ತಡೆಯೆಂಬ ಸರಪಳಿಯಲ್ಲಿ ಪೂರೈಕೆದಾರನೂ ಒಂದು ಕೊಂಡಿ ಎಂಬುದನ್ನು ವ್ಯಾಪಾರ ವಲಯವು ಅರಿಯುವುದು ಅವಶ್ಯಕ.

ಸೋಂಕು ಹರಡುವ ಬಗೆ

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಂಡುಬರುವ ಸೋಂಕುಗಳು ನಾಲ್ಕು ಬಗೆಯವು. ಮೂತ್ರದ ಕ್ಯಾಥೆಟರ್‌ನಿಂದ ಬರುವ ಮೂತ್ರಾಂಗದ ಸೋಂಕು, ಶಸ್ತ್ರಚಿಕಿತ್ಸೆಯ ಗಾಯದ ಸೋಂಕು, ರಕ್ತನಾಳಕ್ಕೆ ಅಳವಡಿಸಿದ ಕೊಳವೆಯ ಮೂಲಕ ರಕ್ತಕ್ಕೆ ತಗಲುವ ಸೋಂಕು ಮತ್ತು ವೆಂಟಿಲೇಟರ್‌ನಲ್ಲಿರುವ ರೋಗಿಗೆ ಬರುವ ನ್ಯುಮೋನಿಯಾ. ಆರೋಗ್ಯವಂತನ ಚರ್ಮ, ಕೆಮ್ಮು, ಮೂತ್ರದ ಹರಿವು ಇವೆಲ್ಲ ರೋಗಾಣುಗಳನ್ನು ಹೊರಗಿಡುವ ಸಹಜ ತಡೆಗಳು. ಸೂಜಿ, ಕೊಳವೆ ಅಥವಾ ಶಸ್ತ್ರವು ಈ ತಡೆಯನ್ನು ದಾಟಿ ಒಳಹೋದಾಗ ರೋಗಾಣುವಿಗೆ ನೇರ ದಾರಿ ದೊರೆಯುತ್ತದೆ.

ಈ ದಾರಿಗೆ ರೋಗಾಣುವನ್ನು ತಲುಪಿಸುವ ಮುಖ್ಯ ವಾಹಕವೆಂದರೆ ಆರೈಕೆ ಮಾಡುವವರ ಕೈ. ಒಬ್ಬ ರೋಗಿಯನ್ನು ಮುಟ್ಟಿದ ಕೈ ಶುದ್ಧವಾಗದೆ ಮತ್ತೊಬ್ಬನನ್ನು ಮುಟ್ಟಿದರೆ ಸೋಂಕು ಮಂಚದಿಂದ ಮಂಚಕ್ಕೆ ಸಾಗುತ್ತದೆ. ಸರಿಯಾಗಿ ಶುದ್ಧವಾಗದ ಉಪಕರಣ, ಹಾಸಿಗೆಯ ಕಂಬಿ, ನೀರು ಹಾಗೂ ಗಾಳಿ ನಂತರದ ಸ್ಥಾನದಲ್ಲಿವೆ. ಆಸ್ಪತ್ರೆಗಳಲ್ಲಿ ನೆಲೆಯೂರಿರುವ ಬ್ಯಾಕ್ಟೀರಿಯಾಗಳು ಅನೇಕ ಪ್ರತಿಜೈವಿಕ ಔಷಧಗಳಿಗೆ ಜಗ್ಗದೆ ಉಳಿದಂಥವಾದ್ದರಿಂದ ಇಂತಹ ಸೋಂಕಿನ ಚಿಕಿತ್ಸೆ ದೀರ್ಘವೂ ದುಬಾರಿಯೂ ಆಗುತ್ತದೆ. ಹೆಚ್ಚಿನ ದಿನಗಳ ವಾಸ, ದುಬಾರಿ ಔಷಧ, ದುಡಿಮೆಯ ನಷ್ಟ - ಈ ಹೊರೆಯು ಕೊನೆಗೆ ಬೀಳುವುದು ರೋಗಿಯ ಕುಟುಂಬದ ಮೇಲೆ. ನೌಕರರಿಗೆ ವಿಮೆ ಮಾಡಿಸಿರುವ ಉದ್ಯೋಗದಾತರ ಕಂತಿನ ಮೇಲೆಯೂ ಅದರ ಪ್ರಭಾವ ಇದ್ದೇ ಇರುತ್ತದೆ.

ಅನುಭವದ ಪಾಠಗಳು

ಸರಳ ಕ್ರಮವೊಂದು ಎಷ್ಟು ಪ್ರಾಣಗಳನ್ನು ಉಳಿಸಬಲ್ಲದು ಎಂಬುದಕ್ಕೆ ಮೊದಲ ನಿದರ್ಶನ ದೊರೆತದ್ದು ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ. ಅಲ್ಲಿ ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ಹೆರಿಗೆ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ಸೂಲಗಿತ್ತಿಯರ ವಿಭಾಗಕ್ಕಿಂತ ಬಹಳ ಹೆಚ್ಚಾಗಿತ್ತು. ವಿದ್ಯಾರ್ಥಿಗಳು ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಹೆರಿಗೆ ಕೊಠಡಿಗೆ ಬರುತ್ತಿದ್ದುದನ್ನು ಗಮನಿಸಿದ ಡಾ. ಇಗ್ನಾಜ್ ಸೆಮ್ಮೆಲ್‌ವೈಸ್ ಅವರು 1847ರ ಮೇ ತಿಂಗಳಿನಲ್ಲಿ, ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಲ್ಲಿ ಕೈ ತೊಳೆದೇ ಒಳಬರಬೇಕೆಂಬ ನಿಯಮವನ್ನು ಜಾರಿಗೆ ತಂದರು. ಏಪ್ರಿಲ್ ತಿಂಗಳಿನಲ್ಲಿ ಶೇಕಡಾ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್ ವೇಳೆಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಅಂದು ಬಳಸಿದ್ದು ಅಗಸರಿಗೂ ಪರಿಚಿತವಾದ ಬ್ಲೀಚಿಂಗ್ ಪುಡಿಯೇ ಎಂಬುದು ಗಮನಾರ್ಹ.

ಈ ಕಾಲದ ನಿದರ್ಶನಗಳೂ ಇದನ್ನೇ ದೃಢಪಡಿಸುತ್ತವೆ. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಡಾ. ಡಿಡಿಯರ್ ಪಿಟ್ಟೆ ಅವರ ತಂಡವು ಪ್ರತಿ ಮಂಚದ ಬಳಿಯಲ್ಲೂ ಮದ್ಯಸಾರದ ಕೈ ದ್ರಾವಣ ದೊರೆಯುವಂತೆ ಮಾಡಿ ಸಿಬ್ಬಂದಿಯಲ್ಲಿ ಜಾಗೃತಿ ಮೂಡಿಸಿತು. 1994ರಲ್ಲಿ ಶೇಕಡಾ 48ರಷ್ಟಿದ್ದ ಕೈ ನೈರ್ಮಲ್ಯದ ಪಾಲನೆ 1997ರ ವೇಳೆಗೆ ಶೇಕಡಾ 66ಕ್ಕೆ ಏರಿತು. ಆಸ್ಪತ್ರೆ ಸೋಂಕಿನ ಪ್ರಮಾಣ ಶೇಕಡಾ 16.9ರಿಂದ 1998ರಲ್ಲಿ ಶೇಕಡಾ 9.9ಕ್ಕೆ ಇಳಿಯಿತು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ಅವರು ಕೇವಲ ಐದು ಅಂಶಗಳ ಪಟ್ಟಿಯನ್ನು ಜಾರಿಗೆ ತಂದರು: ಕೈ ತೊಳೆಯುವುದು, ರೋಗಿಯನ್ನು ಪೂರ್ಣವಾಗಿ ಶುದ್ಧ ಬಟ್ಟೆಯಿಂದ ಹೊದಿಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುದ್ಧಿ ಮಾಡುವುದು, ಸಾಧ್ಯವಾದಷ್ಟೂ ತೊಡೆಯ ರಕ್ತನಾಳವನ್ನು ಬಳಸದಿರುವುದು, ಅಗತ್ಯವಿಲ್ಲದ ಕೊಳವೆಯನ್ನು ತೆಗೆದುಬಿಡುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕೊಳವೆಯಿಂದ ರಕ್ತಕ್ಕೆ ತಗಲುವ ಸೋಂಕು ಹದಿನೆಂಟು ತಿಂಗಳಲ್ಲಿ ಶೇಕಡಾ 66ರವರೆಗೆ ಕಡಿಮೆಯಾಯಿತು.

ಈ ಮೂರೂ ಕಡೆ ಹೊಸ ಔಷಧವನ್ನಾಗಲಿ, ಭಾರೀ ಯಂತ್ರವನ್ನಾಗಲಿ ತರಲಿಲ್ಲ. ಸಾಮಾನ್ಯ ವಸ್ತು, ಸರಿಯಾದ ಗುಣಮಟ್ಟದಲ್ಲಿ, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಕೈಗೆ ಸಿಗುವಂತಾಯಿತು. ಈ ನಾಲ್ಕರಲ್ಲಿ ಗುಣಮಟ್ಟ ತಯಾರಕನ ಕೆಲಸ. ಹೊತ್ತಿಗೆ ಒದಗಿಸುವುದು ವರ್ತಕನ ಕೆಲಸ.

ಕೈ ದ್ರಾವಣ: ಅಳತೆಯೇ ಜೀವಾಳ

ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ವಿಧಾನದ ಕಾರ್ಯಕ್ಕೆ ಮೊದಲು, ರಕ್ತ ಮುಂತಾದ ದ್ರವಗಳ ಸಂಪರ್ಕದ ನಂತರ, ರೋಗಿಯನ್ನು ಮುಟ್ಟಿದ ನಂತರ ಮತ್ತು ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ - ಈ ಐದು ಸಂದರ್ಭಗಳಲ್ಲಿ ಕೈ ಶುದ್ಧಿ ಕಡ್ಡಾಯವೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಸೋಪು ನೀರಿನಿಂದಾದರೆ 40ರಿಂದ 60 ಸೆಕೆಂಡು, ಮದ್ಯಸಾರದ ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಬೇಕು. ಕಾರ್ಯನಿರತ ದಾದಿಗೆ ದಿನದಲ್ಲಿ ಹತ್ತಾರು ಬಾರಿ ನಲ್ಲಿಯವರೆಗೆ ಹೋಗಿಬರುವುದು ಅಸಾಧ್ಯವಾದ್ದರಿಂದ ಮಂಚದ ಬಳಿಯ ದ್ರಾವಣಕ್ಕೆ ಇಷ್ಟು ಮಹತ್ವ.

ಸ್ಥಳೀಯವಾಗಿಯೇ ಇದನ್ನು ತಯಾರಿಸಲು ಅನುಕೂಲವಾಗುವಂತೆ ಸಂಸ್ಥೆಯು ಎರಡು ಸೂತ್ರಗಳನ್ನು ಪ್ರಕಟಿಸಿದೆ. 10 ಲೀಟರ್ ದ್ರಾವಣಕ್ಕೆ ಶೇಕಡಾ 96ರ ಎಥನಾಲ್ 8,333 ಮಿಲಿಲೀಟರ್ ಅಥವಾ ಶೇಕಡಾ 99.8ರ ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿಲಿಲೀಟರ್; ಜೊತೆಗೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿಲೀಟರ್, ಶೇಕಡಾ 98ರ ಗ್ಲಿಸರಾಲ್ 145 ಮಿಲಿಲೀಟರ್; ಉಳಿದದ್ದು ಕುದಿಸಿ ಆರಿಸಿದ ಅಥವಾ ಬಟ್ಟಿ ಇಳಿಸಿದ ನೀರು. ಇಲ್ಲಿ ರೋಗಾಣುವನ್ನು ಕೊಲ್ಲುವುದು ಮದ್ಯಸಾರ. ಪೆರಾಕ್ಸೈಡ್ ಇರುವುದು ದ್ರಾವಣದೊಳಗೆ ಸೇರಿರಬಹುದಾದ ಬ್ಯಾಕ್ಟೀರಿಯಾ ಬೀಜಕಗಳನ್ನು ನಾಶ ಮಾಡಲು. ಆದ್ದರಿಂದಲೇ ತುಂಬಿದ ಸೀಸೆಗಳನ್ನು 72 ಗಂಟೆ ತಡೆದಿಟ್ಟು ನಂತರ ಹೊರಬಿಡಬೇಕು. ಗ್ಲಿಸರಾಲ್ ಚರ್ಮ ಒಣಗದಂತೆ ಕಾಯುತ್ತದೆ. ಕೈ ಉರಿಯುವ ದ್ರಾವಣವನ್ನು ಸಿಬ್ಬಂದಿ ಬಳಸುವುದೇ ಇಲ್ಲ ಎಂಬುದು ಆಸ್ಪತ್ರೆಗಳ ಅನುಭವ.

ಮದ್ಯಸಾರ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಕಲ್ಪನೆ ತಪ್ಪು. ರೋಗಾಣುವಿನ ಪ್ರೋಟೀನನ್ನು ಕೆಡಿಸಲು ನೀರಿನ ಅಂಶವೂ ಬೇಕಾದುದರಿಂದ ಶೇಕಡಾ 60ರಿಂದ 80ರ ಪ್ರಮಾಣವೇ ಪರಿಣಾಮಕಾರಿ. ಅದಕ್ಕಿಂತ ಕಡಿಮೆಯಾದರೆ ಕೊಳ್ಳುವವನು ಹಣ ಕೊಟ್ಟು ಪಡೆದದ್ದು ಸುವಾಸನೆಯ ನೀರು ಮಾತ್ರ. ಅಗ್ಗದ ಮೆಥನಾಲ್ ಬೆರೆಸುವುದು ಇನ್ನೂ ಗಂಭೀರ ಅಪರಾಧ; ಅದು ಚರ್ಮದ ಮೂಲಕವೂ ಒಳಸೇರಿ ಕಣ್ಣಿನ ದೃಷ್ಟಿಗೆ, ಪ್ರಾಣಕ್ಕೆ ಅಪಾಯ ತರಬಲ್ಲದು. 2020ರಲ್ಲಿ ಮೆಥನಾಲ್ ಬೆರೆತ ಸ್ಯಾನಿಟೈಸರ್‌ಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸಾರ್ವಜನಿಕ ಎಚ್ಚರಿಕೆ ನೀಡಬೇಕಾಯಿತು. ತಯಾರಕರು ಕಚ್ಚಾ ಸರಕಿನ ಪ್ರತಿ ಡ್ರಮ್ಮನ್ನೂ ಪರೀಕ್ಷಿಸಿ, ತಂಡ ಸಂಖ್ಯೆಯೊಂದಿಗೆ ದಾಖಲೆ ಇಡುವುದು ಇಂತಹ ಅನಾಹುತವನ್ನು ತಡೆಯುವ ದಾರಿ.

ವರ್ತಕರಿಗೂ ಒಂದು ಸೂಚನೆ ಅಗತ್ಯ. ಅರ್ಧ ಖಾಲಿಯಾದ ಸೋಪು ದ್ರಾವಣದ ಸೀಸೆಗೆ ಮತ್ತೆ ಮೇಲಿನಿಂದ ತುಂಬುವುದು ಉಳಿತಾಯವೆಂದು ಅನೇಕ ಕಡೆ ರೂಢಿಯಲ್ಲಿದೆ. ಸ್ಯೂಡೊಮೊನಾಸ್‌ನಂತಹ ಬ್ಯಾಕ್ಟೀರಿಯಾಗಳು ತೆಳುವಾದ ಸೋಪು ಮತ್ತು ನಂಜುನಿರೋಧಕ ದ್ರಾವಣಗಳಲ್ಲಿಯೇ ಬೆಳೆಯಬಲ್ಲವು. ಆದ್ದರಿಂದ ದೊಡ್ಡ ಕ್ಯಾನುಗಳಿಗಿಂತ ಮುಗಿದೊಡನೆ ಬದಲಿಸುವ ಸಣ್ಣ ಪೊಟ್ಟಣಗಳನ್ನು ಒದಗಿಸುವುದು ಲೇಸು.

ಉಪಕರಣ ಶುದ್ಧಿಯ ಮೂರು ಹಂತಗಳು

ಯಾವ ಉಪಕರಣಕ್ಕೆ ಎಷ್ಟು ಶುದ್ಧಿ ಬೇಕು ಎಂಬುದಕ್ಕೆ ಅರ್ಲ್ ಸ್ಪಾಲ್ಡಿಂಗ್ ಅವರು ರೂಪಿಸಿದ ವಿಂಗಡಣೆಯನ್ನೇ ಜಗತ್ತಿನಾದ್ಯಂತ ಅನುಸರಿಸಲಾಗುತ್ತಿದೆ. ರಕ್ತ ಅಥವಾ ದೇಹದ ಒಳಭಾಗವನ್ನು ಸೇರುವ ಶಸ್ತ್ರ, ಸೂಜಿ ಮುಂತಾದವು ಬೀಜಕಗಳೂ ಸೇರಿದಂತೆ ಎಲ್ಲ ಸೂಕ್ಷ್ಮಜೀವಿಗಳಿಂದ ಪೂರ್ಣ ಮುಕ್ತವಾಗಿರಬೇಕು. ಬಾಯಿ, ಕರುಳು ಮೊದಲಾದ ತೇವದ ಪೊರೆಗಳನ್ನು ಮುಟ್ಟುವ ಎಂಡೊಸ್ಕೋಪಿನಂತಹವಕ್ಕೆ ಉನ್ನತ ಮಟ್ಟದ ರೋಗಾಣುನಾಶ ಬೇಕು. ಗಾಯವಿಲ್ಲದ ಚರ್ಮವನ್ನಷ್ಟೇ ಮುಟ್ಟುವ ರಕ್ತದೊತ್ತಡದ ಪಟ್ಟಿ, ಮಂಚ, ಮೇಜು ಇವಕ್ಕೆ ಸಾಮಾನ್ಯ ಶುದ್ಧಿ ಸಾಕು. ಮೊದಲ ಹಂತದ ವಸ್ತುವಿಗೆ ಮೂರನೆಯ ಹಂತದ ಶುದ್ಧಿ ಮಾಡಿದರೆ ಪ್ರಾಣಾಪಾಯ. ಮೂರನೆಯದಕ್ಕೆ ಮೊದಲಿನ ಹಂತದ ಖರ್ಚು ಮಾಡಿದರೆ ದುಂದು.

ಆಟೋಕ್ಲೇವ್ ಪ್ರೆಷರ್ ಕುಕ್ಕರಿನ ತತ್ತ್ವದಲ್ಲಿಯೇ ಕೆಲಸ ಮಾಡುತ್ತದೆ. ಬಟ್ಟೆಯಲ್ಲಿ ಸುತ್ತಿದ ಉಪಕರಣಗಳಿಗೆ ಸಾಧಾರಣ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಮೊದಲು ಗಾಳಿಯನ್ನು ಹೀರಿ ತೆಗೆಯುವ ನಿರ್ವಾತ ಯಂತ್ರದಲ್ಲಿ 132 ಡಿಗ್ರಿಯಲ್ಲಿ 4 ನಿಮಿಷ ಹಬೆ ತಗಲಬೇಕು. ಒಳಗೆ ಗಾಳಿ ಉಳಿದರೆ ಒತ್ತಡದ ಮಾಪಕ ಸರಿಯಾಗಿ ತೋರಿದರೂ ಹಬೆಯು ಉಪಕರಣವನ್ನು ಮುಟ್ಟುವುದಿಲ್ಲ. ಬಾಗಿಲಿನ ರಬ್ಬರ್ ಸುತ್ತು ಸವೆದರೆ, ಕವಾಟ ಕಟ್ಟಿಕೊಂಡರೆ, ಪೊಟ್ಟಣಗಳನ್ನು ಒತ್ತೊತ್ತಾಗಿ ತುಂಬಿದರೆ ಇದೇ ಆಗುತ್ತದೆ. ಬಣ್ಣ ಬದಲಾಗುವ ಪಟ್ಟಿಯು ಪೊಟ್ಟಣ ಯಂತ್ರದೊಳಗೆ ಹೋಗಿಬಂತೆಂದು ಮಾತ್ರ ಹೇಳುತ್ತದೆ. ಶುದ್ಧಿಯಾಯಿತೇ ಎಂಬುದನ್ನು ಖಚಿತವಾಗಿ ತಿಳಿಯಲು ಬಿಸಿಯನ್ನು ಬಹಳ ತಡೆಯಬಲ್ಲ ಬ್ಯಾಕ್ಟೀರಿಯಾದ ಬೀಜಕಗಳನ್ನಿಟ್ಟು ಪರೀಕ್ಷಿಸಬೇಕು. ಆದುದರಿಂದ ಆಟೋಕ್ಲೇವ್ ತಯಾರಿಸುವ ಘಟಕಗಳು ಯಂತ್ರವನ್ನು ಮಾರಿ ಕೈತೊಳೆದುಕೊಳ್ಳದೆ ವಾರ್ಷಿಕ ನಿರ್ವಹಣೆ, ಮಾಪಕಗಳ ಪರಿಶೀಲನೆ ಮತ್ತು ನಿರ್ವಾಹಕರ ತರಬೇತಿಯನ್ನೂ ಸೇರಿಸಿ ಒಪ್ಪಂದ ಮಾಡಿಕೊಳ್ಳುವುದು ಸೂಕ್ತ. ಇದು ಆಸ್ಪತ್ರೆಗೆ ಭದ್ರತೆ, ಘಟಕಕ್ಕೆ ವರ್ಷವಿಡೀ ಆದಾಯ.

ನೆಲ ಮತ್ತು ರಕ್ತ ಚೆಲ್ಲಿದ ಜಾಗದ ಶುದ್ಧಿಗೆ ಬಳಸುವ ಸೋಡಿಯಂ ಹೈಪೊಕ್ಲೋರೈಟ್ ಬಿಸಿಲು ಮತ್ತು ಶಾಖಕ್ಕೆ ಶಕ್ತಿ ಕಳೆದುಕೊಳ್ಳುವ ವಸ್ತು. ಶೇಕಡಾ 5ರ ದ್ರಾವಣದ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಸೇರಿಸಿದರೆ ಶೇಕಡಾ 1 ಆಗುತ್ತದೆ ಎಂಬ ಲೆಕ್ಕ ಸರಿಯಾಗುವುದು ಕ್ಯಾನಿನಲ್ಲಿ ನಿಜವಾಗಿಯೂ ಶೇಕಡಾ 5 ಇದ್ದರೆ ಮಾತ್ರ. ತಿಂಗಳುಗಟ್ಟಲೆ ತಗಡಿನ ಸೂರಿನ ಗೋದಾಮಿನಲ್ಲಿ ಬೆಂದ ಕ್ಯಾನಿನಲ್ಲಿ ಅದು ಇರುವುದಿಲ್ಲ. ತಯಾರಿಕೆಯ ದಿನಾಂಕವನ್ನು ಎದ್ದುಕಾಣುವಂತೆ ಮುದ್ರಿಸಿ, ಬೆಳಕು ಹೊಗದ ಕ್ಯಾನಿನಲ್ಲಿ, ಹಳೆಯದು ಮೊದಲು ಹೋಗುವ ಕ್ರಮದಲ್ಲಿ ಸರಬರಾಜು ಮಾಡಬೇಕು. ಆಮ್ಲದ ಕ್ಲೀನರ್‌ಗಳೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುವುದೆಂಬ ಎಚ್ಚರಿಕೆಯನ್ನು ಕನ್ನಡದಲ್ಲಿಯೇ ಮುದ್ರಿಸುವುದು ಅವಶ್ಯ. ಕಾರಣ, ಅದನ್ನು ಕೈಯಲ್ಲಿ ಹಿಡಿಯುವವರು ಸ್ವಚ್ಛತಾ ಸಿಬ್ಬಂದಿ.

ಬಟ್ಟೆಯ ಉದ್ಯಮ ಕಲಿತ ಪಾಠ

2020ರ ಆರಂಭದಲ್ಲಿ ಕೊರೋನಾ ಪಿಡುಗು ಹಬ್ಬಿದಾಗ ಮೈಪೂರ್ತಿ ಮುಚ್ಚುವ ರಕ್ಷಣಾ ಉಡುಪಿನ ತಯಾರಿಕೆ ದೇಶದಲ್ಲಿ ಬಹುಮಟ್ಟಿಗೆ ಇರಲೇ ಇಲ್ಲ. ಕೆಲವೇ ವಾರಗಳಲ್ಲಿ ಸಿದ್ಧ ಉಡುಪಿನ ಘಟಕಗಳು ಈ ಕೆಲಸಕ್ಕೆ ತಿರುಗಿದವು. ಅದೇ ವರ್ಷದ ಏಪ್ರಿಲ್ ಕೊನೆಯ ವೇಳೆಗೆ ದೇಶದ ಉತ್ಪಾದನೆಯ ಅರ್ಧದಷ್ಟು ಬೆಂಗಳೂರಿನಲ್ಲಿಯೇ ಆಗುತ್ತಿದೆಯೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಕರ್ನಾಟಕದ ಉಡುಪು ಉದ್ಯಮದ ಸಾಮರ್ಥ್ಯಕ್ಕೆ ಇದು ಸಾಕ್ಷಿ.

ಆದರೆ ಹೊಲಿಗೆ ಬಲ್ಲವರೆಲ್ಲರಿಗೂ ಈ ಉಡುಪು ಸುಲಭವಾಗಲಿಲ್ಲ. ಅಂಗಿಯ ಹೊಲಿಗೆಯಲ್ಲಿ ಸೂಜಿ ಮಾಡುವ ಪ್ರತಿ ರಂಧ್ರವೂ ವೈರಾಣುವಿಗೆ ಬಾಗಿಲು. ಬಟ್ಟೆ ಎಷ್ಟೇ ಉತ್ತಮವಾಗಿದ್ದರೂ ಹೊಲಿಗೆಯ ಮೇಲೆ ಶಾಖದಿಂದ ಅಂಟಿಸುವ ಪಟ್ಟಿ ಇಲ್ಲದಿದ್ದರೆ ಉಡುಪು ನಿಷ್ಪ್ರಯೋಜಕ. ಕೃತಕ ರಕ್ತವನ್ನು ಒತ್ತಡದಲ್ಲಿ ಹಾಯಿಸಿ ಬಟ್ಟೆ ಮತ್ತು ಹೊಲಿಗೆ ಎರಡನ್ನೂ ಪರೀಕ್ಷಿಸುವ ವ್ಯವಸ್ಥೆ ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘದಲ್ಲಿತ್ತು; ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾದರಿಗಳಿಗೆ ವಿಶಿಷ್ಟ ಸಂಕೇತ ಸಂಖ್ಯೆ ನೀಡಲಾಯಿತು. ಈ ಬೇಡಿಕೆಯ ಉಬ್ಬರ ನಂತರ ಇಳಿಯಿತು. ಪರೀಕ್ಷೆ, ದಾಖಲೆ, ಗುಣಮಟ್ಟದ ಪದ್ಧತಿಯನ್ನು ರೂಢಿಸಿಕೊಂಡ ಘಟಕಗಳಿಗೆ ಶಸ್ತ್ರಚಿಕಿತ್ಸೆಯ ನಿಲುವಂಗಿ ಮತ್ತು ಹೊದಿಕೆಗಳ ನಿರಂತರ ಮಾರುಕಟ್ಟೆಗೆ ಅದೇ ಬಂಡವಾಳವಾಗಬಲ್ಲದು. ಶಸ್ತ್ರಚಿಕಿತ್ಸೆಯ ಮುಖಗವಸಿಗೆ ಐಎಸ್ 16289, ನಿಲುವಂಗಿ ಮತ್ತು ಹೊದಿಕೆಗಳಿಗೆ ಐಎಸ್ 17334 ಎಂಬ ಭಾರತೀಯ ಮಾನಕಗಳಿವೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಸೇವೆಗೂ ಅಳತೆಗಳಿವೆ. ಬಿಸಿನೀರಿನ ವಿಧಾನದಲ್ಲಿ ಕನಿಷ್ಠ 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಒಗೆಯಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ. ಕೊಳೆಯಾದ ಬಟ್ಟೆ ಬರುವ ಬಾಗಿಲು ಮತ್ತು ಒಗೆದ ಬಟ್ಟೆ ಹೋಗುವ ಬಾಗಿಲು ಬೇರೆಯಾಗಿರಬೇಕು. ಎರಡನ್ನೂ ಒಂದೇ ವ್ಯಾನಿನಲ್ಲಿ, ಒಂದೇ ಚೀಲದಲ್ಲಿ ಸಾಗಿಸಿದರೆ ಒಗೆದ ಶ್ರಮ ವ್ಯರ್ಥ.

ತ್ಯಾಜ್ಯ: ಗುಜರಿ ವ್ಯಾಪಾರದ ಗಡಿರೇಖೆ

2009ರ ಆರಂಭದಲ್ಲಿ ಗುಜರಾತಿನ ಅಂದಿನ ಸಾಬರಕಾಂಠಾ ಜಿಲ್ಲೆಯ ಮೊಡಾಸಾ ಪರಿಸರದಲ್ಲಿ ಹೆಪಟೈಟಿಸ್-ಬಿ ಹಬ್ಬಿ ಹತ್ತಾರು ಮಂದಿ ಮೃತಪಟ್ಟರು. ಒಮ್ಮೆ ಬಳಸಿದ ಸೂಜಿ ಮತ್ತು ಸಿರಿಂಜುಗಳನ್ನು ಮತ್ತೆ ಬಳಸಿದ್ದು ಇದಕ್ಕೆ ಕಾರಣವಾಗಿತ್ತು. ಬಳಸಿದ ಸಿರಿಂಜುಗಳನ್ನು ಸಂಗ್ರಹಿಸಿ ಮತ್ತೆ ಮಾರುತ್ತಿದ್ದ ಜಾಲವೂ ಆಗ ಬೆಳಕಿಗೆ ಬಂತು. ಆಸ್ಪತ್ರೆಯ ಪ್ಲಾಸ್ಟಿಕ್ಕನ್ನು ಸಾಮಾನ್ಯ ಗುಜರಿಯಂತೆ ತೂಕಕ್ಕೆ ಕೊಳ್ಳುವುದು ಎಲ್ಲಿಗೆ ತಲುಪಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

2016ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ತ್ಯಾಜ್ಯವನ್ನು ಹುಟ್ಟಿದ ಜಾಗದಲ್ಲಿಯೇ ನಾಲ್ಕು ಬಣ್ಣಗಳಲ್ಲಿ ವಿಂಗಡಿಸಬೇಕು. ಅಂಗಾಂಶ, ರಕ್ತಸಿಕ್ತ ಹತ್ತಿ-ಬಟ್ಟೆ, ಅವಧಿ ಮುಗಿದ ಔಷಧಗಳಿಗೆ ಹಳದಿ. ಕೊಳವೆ, ಸೂಜಿರಹಿತ ಸಿರಿಂಜು, ಕೈಗವಸು ಮುಂತಾದ ಪ್ಲಾಸ್ಟಿಕ್‌ಗೆ ಕೆಂಪು. ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿ. ಗಾಜು ಮತ್ತು ಲೋಹದ ಅಳವಡಿಕೆಗಳಿಗೆ ನೀಲಿ. ಸಂಸ್ಕರಿಸದ ತ್ಯಾಜ್ಯವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಅಲ್ಲಿಗೇ ಕಳುಹಿಸಬೇಕು. ಚೀಲಗಳಿಗೆ ಬಾರ್‌ಕೋಡ್ ಅಂಟಿಸಬೇಕು. ಕೆಂಪು ಚೀಲದ ಪ್ಲಾಸ್ಟಿಕ್ ಆಟೋಕ್ಲೇವ್ ಆಗಿ, ಚೂರುಚೂರಾದ ನಂತರವೇ ಅಧಿಕೃತ ಮರುಬಳಕೆದಾರರ ಕೈ ಸೇರಬೇಕು.

ಪ್ಲಾಸ್ಟಿಕ್ ಚೀಲ ಮತ್ತು ಡಬ್ಬಿಗಳನ್ನು ತಯಾರಿಸುವ ಸಣ್ಣ ಘಟಕಗಳು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುವುದರಿಂದ, ರಕ್ತದ ಚೀಲಗಳನ್ನು ಬಿಟ್ಟು, ಅಂತಹ ಚೀಲ ಮತ್ತು ಕೈಗವಸುಗಳ ಬಳಕೆಯನ್ನು 2019ರ ಮಾರ್ಚ್ 27ರೊಳಗೆ ನಿಲ್ಲಿಸಬೇಕೆಂದು 2018ರ ತಿದ್ದುಪಡಿ ವಿಧಿಸಿತು.

ಸಿಬ್ಬಂದಿಯ ಸ್ವಾಸ್ಥ್ಯ

ರೋಗಿಯ ಸುರಕ್ಷತೆ ಸಿಬ್ಬಂದಿಯ ಆರೋಗ್ಯದಿಂದ ಬೇರೆಯಲ್ಲ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದಾಗ, ಲಸಿಕೆ ಪಡೆಯದ ವ್ಯಕ್ತಿಗೆ ಹೆಪಟೈಟಿಸ್-ಬಿ ತಗಲುವ ಸಂಭವ ಶೇಕಡಾ 30ರವರೆಗೂ ಇದೆ; ಎಚ್‌ಐವಿ ತಗಲುವ ಸಂಭವ ಶೇಕಡಾ 0.3ರಷ್ಟು. ಹೆಪಟೈಟಿಸ್-ಬಿ ಲಸಿಕೆಯನ್ನು ಮೊದಲ ದಿನ, ಒಂದು ತಿಂಗಳ ನಂತರ ಮತ್ತು ಆರು ತಿಂಗಳ ನಂತರ - ಹೀಗೆ ಮೂರು ಬಾರಿ ಕೊಡಲಾಗುತ್ತದೆ. ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕು.

ಸೂಜಿ ಚುಚ್ಚಿಸಿಕೊಳ್ಳುವವರಲ್ಲಿ ಕಸ ಎತ್ತುವವರು, ಬಟ್ಟೆ ಒಗೆಯುವವರೂ ಸೇರಿದ್ದಾರೆ. ಇವರಲ್ಲಿ ಹಲವರು ಗುತ್ತಿಗೆದಾರರ ನೌಕರರು. ಅವರಿಗೆ ಲಸಿಕೆ, ದಪ್ಪ ಕೈಗವಸು, ಗಟ್ಟಿ ಬೂಟು ಮತ್ತು ಅಪಘಾತವಾದರೆ ಯಾರಿಗೆ ತಿಳಿಸಬೇಕೆಂಬ ಸ್ಪಷ್ಟ ಸೂಚನೆ ನೀಡುವುದು ಗುತ್ತಿಗೆದಾರರ ಕರ್ತವ್ಯ. ಜ್ವರ ಬಂದ ನೌಕರನ ಸಂಬಳ ಕತ್ತರಿಸಿದರೆ ಆತ ಜ್ವರವನ್ನು ಮರೆಮಾಚಿ ಕೆಲಸಕ್ಕೆ ಬರುತ್ತಾನೆ. ಸೋಂಕು ವಾರ್ಡಿಗೆ ನಡೆದು ಬರುತ್ತದೆ. ಗಾಳಿಯ ವ್ಯವಸ್ಥೆಯೂ ಇದೇ ಅಧ್ಯಾಯಕ್ಕೆ ಸೇರಿದ್ದು. ಕ್ಷಯದಂತಹ ಗಾಳಿಯಿಂದ ಹರಡುವ ರೋಗಿಗಳ ಕೊಠಡಿಯಲ್ಲಿ ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕು. ಕಿಟಕಿಯಿಲ್ಲದ ಕೊಠಡಿಗೆ ಬರಿಯ ಸ್ಪ್ಲಿಟ್ ಎಸಿ ಅಳವಡಿಸಿದರೆ ಒಳಗಿನ ಗಾಳಿ ತಂಪಾಗುತ್ತದೆಯೇ ಹೊರತು ಬದಲಾಗುವುದಿಲ್ಲ ಎಂಬುದನ್ನು ಹವಾನಿಯಂತ್ರಣ ಗುತ್ತಿಗೆದಾರರು ಆಸ್ಪತ್ರೆಗಳಿಗೆ ತಿಳಿಹೇಳಬೇಕು.

ಕಾನೂನಿನ ಚೌಕಟ್ಟು

ವೈದ್ಯಕೀಯ ಸಾಧನಗಳ ನಿಯಮಗಳು, 2017 ಇವು 2018ರ ಜನವರಿ 1ರಿಂದ ಜಾರಿಗೆ ಬಂದವು. ಅಪಾಯದ ಮಟ್ಟಕ್ಕೆ ಅನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಲಾಗಿದೆ. ಹತ್ತಿ, ಗಾಯದ ಪಟ್ಟಿಯಂತಹವು ಎ ವರ್ಗದಲ್ಲಿಯೂ, ಹೃದಯದ ಕವಾಟದಂತಹವು ಡಿ ವರ್ಗದಲ್ಲಿಯೂ ಬರುತ್ತವೆ. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿ ಕಡ್ಡಾಯವಾಯಿತು. ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯದ ಪ್ರಾಧಿಕಾರ, ಸಿ ಮತ್ತು ಡಿ ವರ್ಗಗಳಿಗೆ ಕೇಂದ್ರದ ಪ್ರಾಧಿಕಾರ ಪರವಾನಗಿ ನೀಡುತ್ತದೆ. ಕ್ರಿಮಿಶುದ್ಧವಲ್ಲದ, ಅಳತೆಯ ಕಾರ್ಯವಿಲ್ಲದ ಎ ವರ್ಗದ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿ ಇದ್ದರೂ ನೋಂದಣಿ ಅಗತ್ಯ.

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ದೋಷಪೂರಿತ ಉತ್ಪನ್ನದಿಂದಾದ ಹಾನಿಗೆ ತಯಾರಕನನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಗಾರನನ್ನಾಗಿಸುತ್ತದೆ. ತಂಡ ಸಂಖ್ಯೆ, ಪರೀಕ್ಷಾ ವರದಿ, ಸರಬರಾಜಿನ ದಾಖಲೆ ಇವು ಅಂತಹ ಸಂದರ್ಭದಲ್ಲಿ ಪ್ರಾಮಾಣಿಕ ಉದ್ದಿಮೆದಾರನ ಏಕೈಕ ರಕ್ಷಣೆ.

ಕನಿಷ್ಠ ದರದ ನಿಜವಾದ ಬೆಲೆ

ಗುಣಮಟ್ಟದ ಸರಕಿಗೆ ಆಸ್ಪತ್ರೆಗಳು ಬೆಲೆ ಕೊಡುವುದಿಲ್ಲ, ಕನಿಷ್ಠ ದರವನ್ನೇ ಕೇಳುತ್ತವೆ ಎಂಬುದು ಉದ್ದಿಮೆದಾರರ ಸಾಮಾನ್ಯ ದೂರು. ಇದರಲ್ಲಿ ಸತ್ಯಾಂಶವಿದೆ. ಇದಕ್ಕೆ ಉತ್ತರ ಲೆಕ್ಕದಲ್ಲಿಯೇ ಇದೆ. ದಿನಕ್ಕೆ 200 ಜೊತೆ ಕೈಗವಸು ಬೇಕಾಗುವ ಒಂದು ನರ್ಸಿಂಗ್ ಹೋಮ್ ಅನ್ನು ಊಹಿಸಿದರೆ, ಜೊತೆಗೆ 5 ರೂಪಾಯಿಯಂತೆ ದಿನದ ಖರ್ಚು 1,000 ರೂಪಾಯಿ. 4 ರೂಪಾಯಿಯ ಕೈಗವಸು ಕೊಂಡರೆ 200 ರೂಪಾಯಿ ಉಳಿದಂತೆ ತೋರುತ್ತದೆ. ಆದರೆ ಅವುಗಳಲ್ಲಿ ಐದಕ್ಕೆ ಒಂದು ಜೊತೆ ತೊಡುವಾಗಲೇ ಹರಿದರೆ 200 ಜೊತೆಗಾಗಿ 250 ಜೊತೆ ಬೇಕು. ಖರ್ಚು ಮತ್ತೆ 1,000 ರೂಪಾಯಿ. ಕಣ್ಣಿಗೆ ಕಾಣದಂತೆ ಹರಿದವುಗಳಿಂದ ಆಗುವ ಸೋಂಕಿನ ವೆಚ್ಚ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಇಂತಹ ಲೆಕ್ಕವನ್ನು ಮಾದರಿ ಮತ್ತು ಪರೀಕ್ಷಾ ವರದಿಯೊಡನೆ ಖರೀದಿ ಸಮಿತಿಯ ಮುಂದಿಡುವ ಪೂರೈಕೆದಾರನಿಗೆ ಮಾತನಾಡಲು ಆಧಾರವಿರುತ್ತದೆ. 2005ರಲ್ಲಿ ಸ್ಥಾಪಿತವಾದ ಎನ್‌ಎಬಿಎಚ್ ಮಂಡಳಿಯ ಮಾನ್ಯತೆಗೆ ಸೋಂಕು ನಿಯಂತ್ರಣವು ಒಂದು ಮುಖ್ಯ ಅಂಗವಾಗಿರುವುದರಿಂದ, ಮಾನ್ಯತೆ ಬಯಸುವ ಆಸ್ಪತ್ರೆಗಳಿಗೆ ದಾಖಲೆ ಸಹಿತ ಸರಕು ಒದಗಿಸುವವರು ಬೇಕೇ ಬೇಕು.

ಅನುಸರಿಸಬೇಕಾದ ಕ್ರಮಗಳು

1. ಉತ್ಪನ್ನ ಯಾವ ವರ್ಗಕ್ಕೆ, ಯಾವ ಮಾನಕಕ್ಕೆ ಸೇರುತ್ತದೆ ಎಂಬುದನ್ನು ತಯಾರಿಕೆಗೆ ಮೊದಲೇ ಖಚಿತಪಡಿಸಿಕೊಳ್ಳುವುದು.

2. ಪ್ರತಿ ತಂಡದ ಮಾದರಿಯನ್ನು ಪರೀಕ್ಷಿಸಿ ವರದಿಯನ್ನು ಕಾಪಾಡುವುದು. ದೋಷ ಕಂಡುಬಂದ ತಂಡವನ್ನು ಮರಳಿ ಪಡೆಯುವ ವ್ಯವಸ್ಥೆ ಇಟ್ಟುಕೊಳ್ಳುವುದು.

3. ಸರಕನ್ನು ತಂಪಾದ, ಒಣ ಗೋದಾಮಿನಲ್ಲಿಟ್ಟು ಹಳೆಯದನ್ನು ಮೊದಲು ಕಳುಹಿಸುವುದು. ಪೊಟ್ಟಣ ಒದ್ದೆಯಾದ ಅಥವಾ ಹರಿದ ಕ್ರಿಮಿಶುದ್ಧ ಸರಕನ್ನು ಮಾರದಿರುವುದು.

4. ಬಳಕೆಯ ವಿಧಾನ, ಬೆರೆಸುವ ಪ್ರಮಾಣ ಮತ್ತು ಎಚ್ಚರಿಕೆಗಳನ್ನು ಸರಳ ಕನ್ನಡದಲ್ಲಿ ಮುದ್ರಿಸುವುದು.

5. ಆಸ್ಪತ್ರೆಯ ಸೋಂಕು ನಿಯಂತ್ರಣದ ದಾದಿಯೊಡನೆ ನೇರ ಸಂಪರ್ಕ ಇಟ್ಟುಕೊಂಡು ಬಳಕೆಯಲ್ಲಿನ ತೊಡಕುಗಳನ್ನು ಕೇಳಿ ತಿಳಿಯುವುದು.

6. ಬಳಸಿದ ವೈದ್ಯಕೀಯ ಪ್ಲಾಸ್ಟಿಕ್ಕನ್ನು ಅಧಿಕೃತ ಮಾರ್ಗದ ಹೊರಗೆ ಕೊಳ್ಳದಿರುವುದು, ಮಾರದಿರುವುದು.

ಆಸ್ಪತ್ರೆಗೆ ಕಳುಹಿಸುವ ಪೆಟ್ಟಿಗೆಯನ್ನು ತೆರೆಯುವ ದಾದಿಗೆ ಅದನ್ನು ಮತ್ತೊಮ್ಮೆ ಪರೀಕ್ಷಿಸುವ ಸಮಯವೂ ಇಲ್ಲ, ಸಾಧನವೂ ಇಲ್ಲ. ಚೀಟಿಯ ಮೇಲಿನ ಬರಹವನ್ನು ನಂಬಿ ಆಕೆ ಕೆಲಸಕ್ಕೆ ತೊಡಗುತ್ತಾಳೆ. ಆ ನಂಬಿಕೆಗೆ ತಕ್ಕ ಸರಕನ್ನು ಒದಗಿಸುವ ಉದ್ದಿಮೆದಾರನಿಗೆ ಮಾರುಕಟ್ಟೆ ತಾನಾಗಿ ಉಳಿಯುತ್ತದೆ. ವಾರ್ಡಿನಲ್ಲಿ ಮಲಗಿರುವ ರೋಗಿ ತಾನು ಬಂದ ಕಾಯಿಲೆಯನ್ನಷ್ಟೇ ಗುಣಪಡಿಸಿಕೊಂಡು ಮನೆಗೆ ಮರಳುತ್ತಾನೆ.